ಮಿಶ್ರ ಟೈರ್ ಜೋಡಣೆ

ಒಂದೇ ವಾಹನದ ಮುಂದಿನ ಮತ್ತು ಹಿಂದಿನ ಅಚ್ಚುಗಳಿಗೆ, ಅಥವಾ ಒಂದೇ ಅಚ್ಚಿನ ಎಡಬಲ ಗಾಲಿಗಳಿಗೆ, ಬೇರೆ ಬೇರೆ ಕಂಪನಿಯ, ಮಾದರಿಯ, ಅಳತೆಯ, ಒಳರಚನೆಯ ಇಲ್ಲವೆ ಸವೆತದ ಟೈರುಗಳನ್ನು ಹಾಕುವುದಕ್ಕೆ ಮಿಶ್ರ ಟೈರ್ ಜೋಡಣೆ ಎಂದು ಹೆಸರು. ವೇಗವಾಗಿ ತಿರುವು ತೆಗೆದುಕೊಳ್ಳುವ ಸ್ಪೋರ್ಟ್ಸ್ ಕಾರುಗಳಲ್ಲಿ ಇದರ ಪರಿಣಾಮ ಎದ್ದು ಕಾಣುತ್ತದೆ. ಇದೇ ತತ್ತ್ವ ಸಾಮಾನ್ಯ ಕಾರು, ಬೈಕು, ಬಸ್ಸು, ಲಾರಿ ಮತ್ತು ಟ್ರ್ಯಾಕ್ಟರುಗಳಿಗೂ ಅನ್ವಯಿಸುತ್ತದೆ. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಂಥ ಕೃಷಿ ಪ್ರದೇಶದಲ್ಲಿ ಈ ಜೋಡಣೆಯ ಮುಖ್ಯ ಉದಾಹರಣೆ ಟ್ರ್ಯಾಕ್ಟರ್.

ಪರಿಭಾಷೆ

ಅಚ್ಚು: ಎಡಬಲದ ಗಾಲಿಗಳನ್ನು ಹೊರುವ ಭಾಗ. ಕಾರಿಗೆ ಮುಂದೊಂದು, ಹಿಂದೊಂದು ಅಚ್ಚಿರುತ್ತದೆ.

ಟ್ರೆಡ್: ನೆಲಕ್ಕೆ ತಾಗುವ, ಗೆರೆಗಳಿರುವ ರಬ್ಬರಿನ ಮೇಲ್ಪದರ. ಗೆರೆಗಳ ಆಳವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ.

ಹಿಡಿತ: ಟೈರು ಜಾರದೆ ನೆಲದ ಮೇಲೆ ಪ್ರಯೋಗಿಸಬಲ್ಲ ಬಲ.

ಜಾರುಕೋನ: ತಿರುವಿನಲ್ಲಿ ಗಾಲಿ ಮುಖ ಮಾಡಿರುವ ದಿಕ್ಕಿಗೂ ಅದು ನಿಜವಾಗಿ ಸಾಗುವ ದಿಕ್ಕಿಗೂ ನಡುವಿನ ಕೋನ.

ಅಡ್ಡಬಿಗುವು: ಒಂದು ಡಿಗ್ರಿ ಜಾರುಕೋನಕ್ಕೆ ಟೈರು ಕೊಡುವ ಅಡ್ಡಬಲ.

ಅಂಡರ್‌ಸ್ಟೀರ್: ಸ್ಟೀರಿಂಗ್ ತಿರುಗಿಸಿದಷ್ಟು ವಾಹನ ತಿರುಗದೆ, ಮೂತಿ ತಿರುವಿನ ಹೊರಗೆ ಸರಿಯುವುದು.

ಓವರ್‌ಸ್ಟೀರ್: ಹಿಂಭಾಗ ಹೊರಗೆ ಜಾರಿ, ಬೇಕಾದದ್ದಕ್ಕಿಂತ ಹೆಚ್ಚು ವಾಹನ ತಿರುಗುವುದು.

ಇತಿಹಾಸ

ಗಾಳಿ ತುಂಬಿದ ಟೈರಿಗೆ ರಾಬರ್ಟ್ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಅದು ಬಳಕೆಗೆ ಬಂದದ್ದು 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಸೈಕಲ್ಲಿಗಾಗಿ ಅದನ್ನು ಹೊಸದಾಗಿ ರೂಪಿಸಿದ ಮೇಲೆ. ಮುಂದಿನ ಅರ್ಧ ಶತಮಾನ ಬಹುತೇಕ ಟೈರುಗಳ ಒಳಗಿನ ನೂಲಿನ ಪದರಗಳು ಓರೆಯಾಗಿ, ಒಂದರ ಮೇಲೊಂದು ಅಡ್ಡಹಾಯ್ದಂತೆ ಇರುತ್ತಿದ್ದವು. ಈ ಬಗೆಗೆ ಬಯಾಸ್ ಎಂದು ಹೆಸರು. ಭಾರತದ ಲಾರಿ ಪೇಟೆಯಲ್ಲಿ ಇದನ್ನು ನೈಲಾನ್ ಟೈರ್ ಎನ್ನುತ್ತಾರೆ.

ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ, ನೂಲುಗಳು ಓರೆಯಾಗಿರದೆ ಒಂದು ಅಂಚಿನಿಂದ ಇನ್ನೊಂದಕ್ಕೆ ನೇರವಾಗಿ ಸಾಗುವ ರೇಡಿಯಲ್ ಟೈರಿಗೆ ಪೇಟೆಂಟ್ ಪಡೆದು 1949ರಲ್ಲಿ ಎಕ್ಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಮಿಶ್ರ ಜೋಡಣೆ ಅಪಾಯದ ವಿಷಯವಾದದ್ದು ಇದರ ನಂತರ. ರೇಡಿಯಲ್ ಟೈರಿನ ಅಡ್ಡಬಿಗುವು ಬಯಾಸ್ ಟೈರಿನದಕ್ಕಿಂತ ಹೆಚ್ಚು. ಮುಂದೆ ರೇಡಿಯಲ್, ಹಿಂದೆ ಬಯಾಸ್ ಹಾಕಿದ ಕಾರಿನ ಮೂತಿ ಚುರುಕಾಗಿ ತಿರುಗುತ್ತದೆ, ಹಿಂಭಾಗಕ್ಕೆ ಅದನ್ನು ಹಿಂಬಾಲಿಸುವ ಶಕ್ತಿ ಇರುವುದಿಲ್ಲ. ಹಾಗಾಗಿ ಬ್ರಿಟನ್ನಿನ ವಾಹನ ನಿಯಮಗಳು ಒಂದೇ ಅಚ್ಚಿನಲ್ಲಿ ಈ ಎರಡು ಬಗೆಗಳನ್ನು ಬೆರೆಸುವುದನ್ನೂ, ಕಾರುಗಳಲ್ಲಿ ಮುಂದೆ ರೇಡಿಯಲ್ ಹಾಗೂ ಹಿಂದೆ ಬಯಾಸ್ ಹಾಕುವುದನ್ನೂ ನಿಷೇಧಿಸಿದವು.

ಮುಂದಿನ ಮತ್ತು ಹಿಂದಿನ ಟೈರುಗಳ ನಡುವಿನ ವ್ಯತ್ಯಾಸ ಸಾರ್ವಜನಿಕ ಚರ್ಚೆಗೆ ಬಂದದ್ದು ಅಮೆರಿಕದ ಷೆವ್ರೊಲೆ ಕಾರ್ವೇರ್ ಕಾರಿನಿಂದ. 1960ರ ಮಾದರಿಯಾಗಿ ಬಂದ ಈ ಕಾರಿನ ಎಂಜಿನ್ ಹಿಂಭಾಗದಲ್ಲಿತ್ತು. ಹಿಂಭಾಗ ಜಾರದಂತೆ ನೋಡಿಕೊಳ್ಳಲು ತಯಾರಕರು ಮುಂದಿನ ಟೈರಿಗೆ 15 ಪಿಎಸ್‌ಐ, ಹಿಂದಿನದಕ್ಕೆ 26 ಪಿಎಸ್‌ಐ ಗಾಳಿ ಹಾಕಲು ಸೂಚಿಸಿದ್ದರು. ನಾಲ್ಕಕ್ಕೂ ಸಮನಾಗಿ ಗಾಳಿ ಹಾಕಿದರೆ ಈ ಸಮತೋಲ ಕೆಡುತ್ತಿತ್ತು. 1965ರಲ್ಲಿ ಗ್ರಾಹಕ ಹಕ್ಕುಗಳ ಹೋರಾಟಗಾರ ರಾಲ್ಫ್ ನೇಡರ್ ತಮ್ಮ ಪುಸ್ತಕದಲ್ಲಿ ಈ ಕಾರನ್ನು ಟೀಕಿಸಿದರು. 1972ರಲ್ಲಿ ಅಮೆರಿಕ ಸರ್ಕಾರದ ಸಂಸ್ಥೆಯೊಂದು ಪರೀಕ್ಷೆ ನಡೆಸಿ, ಅದೇ ಕಾಲದ ಇತರ ಕಾರುಗಳಿಗಿಂತ ಇದು ಹೆಚ್ಚು ಅಪಾಯಕಾರಿಯಲ್ಲ ಎಂದು ವರದಿ ಮಾಡಿತು.

ಭಾರತದಲ್ಲಿ ಡನ್‌ಲಪ್ ಕಂಪನಿ 1936ರಲ್ಲಿ ಬಂಗಾಳದ ಸಾಹಾಗಂಜ್‌ನಲ್ಲಿ ಟೈರು ತಯಾರಿಕೆ ಆರಂಭಿಸಿತು. ಜೆಕೆ ಟೈರ್ 1977ರಲ್ಲಿ ದೇಶದಲ್ಲಿ ರೇಡಿಯಲ್ ತಯಾರಿಕೆಗೆ ನಾಂದಿ ಹಾಡಿತು. ಕರ್ನಾಟಕದಲ್ಲಿ ಈ ಉದ್ಯಮದ ಕೇಂದ್ರ ಮೈಸೂರು. ಅಲ್ಲಿನ ವಿಕ್ರಾಂತ್ ಟೈರ್ಸ್ 1997ರಲ್ಲಿ ಜೆಕೆ ಟೈರ್‌ನ ಕೈಸೇರಿತು. ಮೈಸೂರಿನದೇ ಆದ ಫಾಲ್ಕನ್ ಟೈರ್ಸ್ ಡನ್‌ಲಪ್ ಹೆಸರಿನಲ್ಲಿ ದ್ವಿಚಕ್ರ ವಾಹನದ ಟೈರುಗಳನ್ನು ತಯಾರಿಸುತ್ತಿತ್ತು.

ಟೈರಿನ ರಚನೆ ಮತ್ತು ಗುರುತುಗಳು

ಟೈರಿನ ನಡತೆಯನ್ನು ಮುಖ್ಯವಾಗಿ ನಾಲ್ಕು ಅಂಶಗಳು ನಿರ್ಧರಿಸುತ್ತವೆ: ನೂಲು ಮತ್ತು ಉಕ್ಕಿನ ತಂತಿಯ ಒಳಪದರಗಳು, ಪಕ್ಕದ ಗೋಡೆಯ ಗಡಸುತನ, ಟ್ರೆಡ್ಡಿನ ರಬ್ಬರ್ ಮಿಶ್ರಣ, ಗೆರೆಗಳ ವಿನ್ಯಾಸ. ಎರಡು ಟೈರುಗಳ ಹೊರ ಅಳತೆ ಒಂದೇ ಇದ್ದರೂ ಈ ನಾಲ್ಕರಲ್ಲಿ ಯಾವುದಾದರೂ ಬೇರೆಯಾದರೆ ಹಿಡಿತವೂ ಬೇರೆಯಾಗುತ್ತದೆ.

ಗೋಡೆಯ ಮೇಲೆ 225/45 ಆರ್ 17 91 ಡಬ್ಲ್ಯು ಎಂದಿದ್ದರೆ ಟೈರಿನ ಅಗಲ 225 ಮಿ.ಮೀ., ಗೋಡೆಯ ಎತ್ತರ ಅಗಲದ ಶೇ 45, ಒಳರಚನೆ ರೇಡಿಯಲ್, ರಿಮ್ಮಿನ ವ್ಯಾಸ 17 ಇಂಚು. 91 ಎಂಬುದು ಒಂದು ಟೈರು 615 ಕೆ.ಜಿ. ಭಾರ ಹೊರಬಲ್ಲದು ಎಂಬುದರ ಸೂಚಕ, ಡಬ್ಲ್ಯು ಎಂಬುದು ಗಂಟೆಗೆ 270 ಕಿ.ಮೀ. ವೇಗಮಿತಿಯ ಸೂಚಕ. ತಯಾರಿಕೆಯ ಕಾಲವನ್ನು ನಾಲ್ಕು ಅಂಕಿಗಳಲ್ಲಿ ಅಚ್ಚೊತ್ತಿರುತ್ತಾರೆ: 2324 ಎಂದರೆ 2024ರ 23ನೇ ವಾರ. ರಬ್ಬರ್ ಕಾಲಕ್ರಮದಲ್ಲಿ ಗಡುಸಾಗುವುದರಿಂದ, ಒಂದೇ ಮಾದರಿಯ ಎರಡು ಟೈರುಗಳ ನಡುವೆ ಹಲವು ವರ್ಷಗಳ ಅಂತರವಿದ್ದರೆ ಅದೂ ಒಂದು ಬಗೆಯ ಮಿಶ್ರಣವೇ.

ಬಗೆಗಳು

ಕಂಪನಿ ಮಿಶ್ರಣ: ಒಂದು ಅಚ್ಚಿಗೆ ಒಂದು ಕಂಪನಿಯ, ಇನ್ನೊಂದಕ್ಕೆ ಮತ್ತೊಂದು ಕಂಪನಿಯ ಟೈರು. ಎರಡೂ ಒಂದೇ ವರ್ಗದವಾಗಿದ್ದರೆ ವ್ಯತ್ಯಾಸ ಕಡಿಮೆ.

ಮಾದರಿ ಮಿಶ್ರಣ: ಕಂಪನಿ ಒಂದೇ, ಮಾದರಿ ಬೇರೆ. ಮಿಶೆಲಿನ್‌ನ ಪೈಲಟ್ ಸ್ಪೋರ್ಟ್ ವೇಗದ ಚಾಲನೆಗೆ, ಪ್ರೈಮಸಿ ಆರಾಮದ ಪ್ರಯಾಣಕ್ಕೆ ರೂಪಿಸಿದ ಮಾದರಿ. ಇವೆರಡನ್ನು ಬೆರೆಸಿದಾಗ ಆಗುವ ವ್ಯತ್ಯಾಸ, ಎರಡು ಕಂಪನಿಗಳ ಒಂದೇ ವರ್ಗದ ಟೈರುಗಳ ನಡುವಿನದಕ್ಕಿಂತ ದೊಡ್ಡದಾಗಬಹುದು.

ರಚನೆ ಮಿಶ್ರಣ: ರೇಡಿಯಲ್ ಮತ್ತು ಬಯಾಸ್ ಬೆರೆಸುವುದು. ಎಲ್ಲ ಬಗೆಗಳಲ್ಲಿ ಹೆಚ್ಚು ಅಪಾಯದ್ದು.

ಸವೆತ ಮಿಶ್ರಣ: ಹೊಸ ಮತ್ತು ಸವೆದ ಟೈರುಗಳನ್ನು ಒಟ್ಟಿಗೆ ಬಳಸುವುದು. ದಿನಬಳಕೆಯಲ್ಲಿ ಅತಿ ಸಾಮಾನ್ಯವಾದದ್ದು.

ಅಳತೆ ಮಿಶ್ರಣ: ಇದು ಎರಡು ಬಗೆ. ಪೋರ್ಷೆ 911ರಂಥ ಕಾರು, ಟ್ರ್ಯಾಕ್ಟರ್, ಹಲವು ಬೈಕುಗಳಲ್ಲಿ ಮುಂದೆ ಕಿರಿದಾದ, ಹಿಂದೆ ಅಗಲವಾದ ಟೈರು ಇರುವುದು ತಯಾರಕರದೇ ವಿನ್ಯಾಸ. ಸಿಕ್ಕಿದ ಅಳತೆಯ ಟೈರನ್ನು ಹಾಕಿಕೊಳ್ಳುವುದು ದೋಷ.

ಚಲನೆಯ ಮೇಲೆ ಪರಿಣಾಮ

ತಿರುವಿನಲ್ಲಿ ವಾಹನದ ಸ್ಥಿರತೆಯನ್ನು ನಿರ್ಧರಿಸುವುದು ಒಟ್ಟು ಹಿಡಿತಕ್ಕಿಂತ ಮುಂದಿನ ಮತ್ತು ಹಿಂದಿನ ಹಿಡಿತಗಳ ನಡುವಿನ ಸಮತೋಲ. ಪ್ರತಿ ಅಚ್ಚಿನ ಭಾರವನ್ನು ಆ ಅಚ್ಚಿನ ಒಟ್ಟು ಅಡ್ಡಬಿಗುವಿನಿಂದ ಭಾಗಿಸಿದಾಗ ಒಂದು ಸಂಖ್ಯೆ ಸಿಗುತ್ತದೆ. ಮುಂದಿನ ಸಂಖ್ಯೆ ಹಿಂದಿನದಕ್ಕಿಂತ ದೊಡ್ಡದಾದರೆ ಅಂಡರ್‌ಸ್ಟೀರ್, ಚಿಕ್ಕದಾದರೆ ಓವರ್‌ಸ್ಟೀರ್, ಸಮನಾದರೆ ತಟಸ್ಥ.

ಲೆಕ್ಕಕ್ಕಾಗಿ ಎರಡೂ ಅಚ್ಚುಗಳ ಮೇಲೆ ತಲಾ 600 ಕೆ.ಜಿ. ಭಾರವಿದ್ದು, ಎರಡರ ಅಡ್ಡಬಿಗುವೂ ಡಿಗ್ರಿಗೆ 200 ಕೆ.ಜಿ. ಬಲದಷ್ಟಿದೆ ಎಂದುಕೊಂಡರೆ ಎರಡೂ ಕಡೆ 3 ಬರುತ್ತದೆ; ಕಾರು ತಟಸ್ಥವಾಗಿರುತ್ತದೆ. ಹಿಂದಿನ ಎರಡು ಟೈರು ಬದಲಿಸಿ ಅಲ್ಲಿನ ಅಡ್ಡಬಿಗುವು 150ಕ್ಕೆ ಇಳಿದರೆ ಹಿಂದಿನ ಸಂಖ್ಯೆ 4 ಆಗುತ್ತದೆ. ಕಾರು ಓವರ್‌ಸ್ಟೀರ್ ಕಡೆಗೆ ವಾಲುತ್ತದೆ. ಬದಲಾವಣೆಯನ್ನು ಮುಂದೆ ಮಾಡಿದ್ದರೆ ಅದೇ ಕಾರು ಅಂಡರ್‌ಸ್ಟೀರ್ ತೋರಿಸುತ್ತಿತ್ತು. ಸಾಮಾನ್ಯ ಚಾಲಕ ವೇಗ ತಗ್ಗಿಸಿ ಅಂಡರ್‌ಸ್ಟೀರನ್ನು ಸರಿಪಡಿಸಿಕೊಳ್ಳಬಲ್ಲ. ಓವರ್‌ಸ್ಟೀರ್ ಆದಾಗ ವೇಗ ತಗ್ಗಿಸಿದರೆ ಭಾರ ಮುಂದಕ್ಕೆ ಸರಿದು ಹಿಂಭಾಗ ಇನ್ನಷ್ಟು ಜಾರುತ್ತದೆ. ಆದ್ದರಿಂದ ರಸ್ತೆಯ ಕಾರುಗಳನ್ನು ತುಸು ಅಂಡರ್‌ಸ್ಟೀರ್ ಇರುವಂತೆ ರೂಪಿಸುತ್ತಾರೆ. ಎರಡೇ ಹೊಸ ಟೈರು ಕೊಂಡಾಗ ಅವನ್ನು ಹಿಂದಿನ ಅಚ್ಚಿಗೆ ಹಾಕಬೇಕೆಂಬ ಟೈರ್ ಕಂಪನಿಗಳ ಸಲಹೆಗೂ ಇದೇ ಕಾರಣ.

ಮಳೆಯಲ್ಲಿ ಈ ವ್ಯತ್ಯಾಸ ಬೆಳೆಯುತ್ತದೆ. ಗೆರೆಗಳು ನೀರನ್ನು ಹೊರಹಾಕಲಾಗದಷ್ಟು ವೇಗ ತಲುಪಿದಾಗ ಟೈರು ನೀರಿನ ಪದರದ ಮೇಲೆ ತೇಲುತ್ತದೆ. ಅಮೆರಿಕದ ನಾಸಾ ಸಂಸ್ಥೆ ವಿಮಾನದ ಟೈರುಗಳ ಪರೀಕ್ಷೆಯಿಂದ ಕಂಡುಕೊಂಡ ಸೂತ್ರದಂತೆ, 30 ಪಿಎಸ್‌ಐ ಗಾಳಿಯಿರುವ ಗೆರೆಯಿಲ್ಲದ ಟೈರು ಗಂಟೆಗೆ ಸುಮಾರು 91 ಕಿ.ಮೀ. ವೇಗದಲ್ಲಿ ತೇಲತೊಡಗುತ್ತದೆ. ಮುಂದೆ ಆಳ ಗೆರೆಯ, ಹಿಂದೆ ಸವೆದ ಟೈರುಗಳಿದ್ದರೆ ಸ್ಟೀರಿಂಗಿನಲ್ಲಿ ಯಾವ ಸೂಚನೆಯೂ ಸಿಗದೆ ಹಿಂಭಾಗ ಮೊದಲು ತೇಲುತ್ತದೆ.

ಬ್ರೇಕ್ ಹಾಕಿದಾಗ ಗಾಲಿ ಸುತ್ತುವುದು ನಿಲ್ಲದಂತೆ ತಡೆಯುವ ಎಬಿಎಸ್ ಹಾಗೂ ಸ್ಥಿರತಾ ನಿಯಂತ್ರಣ ವ್ಯವಸ್ಥೆಗಳು ನಾಲ್ಕೂ ಗಾಲಿಗಳ ಸುತ್ತುವೇಗವನ್ನು ಹೋಲಿಸಿ ಕೆಲಸ ಮಾಡುತ್ತವೆ. ಟೈರುಗಳ ಸುತ್ತಳತೆಯಲ್ಲಿ ನಿರೀಕ್ಷೆಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಈ ಹೋಲಿಕೆ ತಪ್ಪುತ್ತದೆ. ನಾಲ್ಕೂ ಗಾಲಿಗೆ ಶಕ್ತಿ ಹೋಗುವ ವಾಹನಗಳಲ್ಲಿ ಅದೇ ವ್ಯತ್ಯಾಸ ಗೇರು ವ್ಯವಸ್ಥೆಯ ಮೇಲೆ ನಿರಂತರ ಒತ್ತಡ ಹಾಕುತ್ತದೆ.

ಸ್ಪೋರ್ಟ್ಸ್ ಕಾರುಗಳಲ್ಲಿ

ಸ್ಪೋರ್ಟ್ಸ್ ಕಾರಿನ ಎಂಜಿನ್ ಎಲ್ಲಿದೆ ಎಂಬುದರ ಮೇಲೆ ಟೈರಿನ ಯೋಜನೆ ನಿಂತಿದೆ. ಮಾಜ್ಡಾ ಎಂಎಕ್ಸ್-5 ಕಾರಿನಲ್ಲಿ ಭಾರ ಹೆಚ್ಚುಕಡಿಮೆ ಸಮನಾಗಿ ಹಂಚಿರುವುದರಿಂದ ನಾಲ್ಕೂ ಟೈರುಗಳದು ಒಂದೇ ಅಳತೆ. ಪೋರ್ಷೆ 911ರಲ್ಲಿ ಎಂಜಿನ್ ಹಿಂದಿನ ಅಚ್ಚಿಗಿಂತಲೂ ಹಿಂದಿದೆ. ಹಿಂದಿನ ಗಾಲಿಗಳ ಮೇಲೆ ಬೀಳುವ ಹೆಚ್ಚಿನ ಭಾರವನ್ನು ಸರಿದೂಗಿಸಲು, ಅದರ 992 ಶ್ರೇಣಿಯ ಕರೆರಾ ಮಾದರಿಗೆ ಮುಂದೆ 235/40 ಅಳತೆಯ 19 ಇಂಚಿನ, ಹಿಂದೆ 295/35 ಅಳತೆಯ 20 ಇಂಚಿನ ಟೈರುಗಳನ್ನು ಕೊಡುತ್ತಾರೆ. ಇಂಥ ಕಾರಿನಲ್ಲಿ ಮುಂದಿನ ಹಾಗೂ ಹಿಂದಿನ ಟೈರುಗಳನ್ನು ಅದಲುಬದಲು ಮಾಡಲಾಗದು. ಹಿಂದಿನವು ಬೇಗ ಸವೆಯುವುದರಿಂದ ಎರಡನ್ನೇ ಬದಲಿಸುವ ಸಂದರ್ಭ ಮತ್ತೆ ಮತ್ತೆ ಬರುತ್ತದೆ. ಆಗ ಹಳೆಯ ಮಾದರಿ ಸಿಗದಿದ್ದರೆ ಮಿಶ್ರಣ ಏರ್ಪಡುತ್ತದೆ.

ಇದನ್ನು ನಿಯಂತ್ರಿಸಲು ಕಾರು ತಯಾರಕರು ತಾವು ಪರೀಕ್ಷಿಸಿದ ಟೈರುಗಳಿಗೆ ಅನುಮೋದನೆಯ ಗುರುತು ಕೊಡುತ್ತಾರೆ. ಪೋರ್ಷೆಯ ಗುರುತು ಎನ್ ಅಕ್ಷರ. ಎನ್0 ಮೊದಲ ಆವೃತ್ತಿ. ಎನ್1, ಎನ್2 ನಂತರದ ಪರಿಷ್ಕರಣೆಗಳು. ಬಿಎಂಡಬ್ಲ್ಯು ನಕ್ಷತ್ರವನ್ನೂ, ಮರ್ಸಿಡಿಸ್ ಎಂಒ ಅಕ್ಷರಗಳನ್ನೂ, ಆಡಿ ಎಒ ಅಕ್ಷರಗಳನ್ನೂ ಬಳಸುತ್ತವೆ. ಗುರುತಿಲ್ಲದ ಟೈರು ಕಳಪೆಯೆಂದು ಇದರ ಅರ್ಥವಲ್ಲ. ಆ ಕಾರಿನಲ್ಲಿ ಅದನ್ನು ತಯಾರಕರು ಪರೀಕ್ಷಿಸಿ ಒಪ್ಪಿಲ್ಲ ಎಂದಷ್ಟೇ ಅರ್ಥ.

ರೇಸಿಂಗಿನಲ್ಲಿ ಪೈಪೋಟಿಯನ್ನು ಸಮಗೊಳಿಸಲು ಹಲವೆಡೆ ಒಂದೇ ಕಂಪನಿಯ ಟೈರನ್ನು ಕಡ್ಡಾಯ ಮಾಡಲಾಗಿದೆ. ಫಾರ್ಮುಲಾ ಒನ್‌ಗೆ 2007ರಿಂದ ಬ್ರಿಜ್‌ಸ್ಟೋನ್, 2011ರಿಂದ ಪಿರೆಲಿ ಏಕೈಕ ಪೂರೈಕೆದಾರ ಕಂಪನಿಗಳಾದವು. ಅಲ್ಲಿ ಚಾಲಕರು ಸಮತೋಲವನ್ನು ಟೈರಿನ ಮಾದರಿ ಬೆರೆಸಿ ಅಲ್ಲ, ಗಾಳಿಯ ಒತ್ತಡ, ಸ್ಪ್ರಿಂಗು, ರೆಕ್ಕೆಯ ಕೋನ ಬದಲಿಸಿ ಹೊಂದಿಸಿಕೊಳ್ಳುತ್ತಾರೆ.

ದ್ವಿಚಕ್ರ ಮತ್ತು ಭಾರಿ ವಾಹನಗಳಲ್ಲಿ

ಬೈಕಿನ ಮುಂದಿನ ಟೈರು ಸ್ಟೀರಿಂಗಿಗೆ ಮತ್ತು ಬ್ರೇಕಿನ ಹೆಚ್ಚಿನ ಪಾಲಿಗೆ, ಹಿಂದಿನದು ಎಂಜಿನ್ ಶಕ್ತಿಗೆ ಒಡ್ಡಿಕೊಳ್ಳುತ್ತದೆ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕಿಗೆ ಮುಂದೆ 100/90-19, ಹಿಂದೆ 120/80-18 ಅಳತೆ. ಹೀರೊ ಸ್ಪ್ಲೆಂಡರ್ ಪ್ಲಸ್‌ಗೆ ಎರಡೂ ಕಡೆ 80/100-18. ಅಳತೆ ಒಂದೇ ಆದಾಗಲೂ ಮುಂದಿನದರ ಮೇಲೆ ಉದ್ದ ಗೆರೆಗಳೂ, ಹಿಂದಿನದರ ಮೇಲೆ ದಪ್ಪ ಗುಬ್ಬಿಗಳೂ ಇರಬಹುದು. ಟೈರಿನ ಮೇಲೆ ಮುಂದಿನದು ಅಥವಾ ಹಿಂದಿನದು ಎಂದು ಅಚ್ಚೊತ್ತಿದ್ದರೆ ಅದನ್ನು ಅಲ್ಲೇ ಹಾಕಬೇಕು.

ಬಸ್ಸು ಮತ್ತು ಲಾರಿಗಳಲ್ಲಿ ಕ್ರಮ ಕಾರಿಗೆ ವಿರುದ್ಧ: ಹೊಸ ಟೈರು ಮುಂದಕ್ಕೆ, ರೀಟ್ರೆಡ್ ಮಾಡಿದ್ದು (ಸವೆದ ಟೈರಿಗೆ ಹೊಸ ಟ್ರೆಡ್ ಹಾಕಿದ್ದು) ಹಿಂದಕ್ಕೆ. ಮುಂದಿನ ಅಚ್ಚಿನಲ್ಲಿ ಪ್ರತಿ ಬದಿಗೂ ಒಂದೇ ಟೈರು ಇರುವುದರಿಂದ ಅದು ಸಿಡಿದರೆ ಸ್ಟೀರಿಂಗ್ ಕೈತಪ್ಪುತ್ತದೆ. ಹಿಂದೆ ಜೋಡಿ ಟೈರುಗಳಿರುವುದರಿಂದ ಒಂದು ಕೆಟ್ಟರೆ ಇನ್ನೊಂದು ತಾತ್ಕಾಲಿಕವಾಗಿ ಭಾರ ಹೊರುತ್ತದೆ. ಆದರೆ ಆ ಜೋಡಿಯ ಎರಡು ಟೈರುಗಳ ವ್ಯಾಸ ಹೊಂದಿರಬೇಕು. ಒಂದು ದೊಡ್ಡದಾದರೆ ಭಾರವೆಲ್ಲ ಅದರ ಮೇಲೇ ಬಿದ್ದು ಬಿಸಿಯಾಗುತ್ತದೆ. ಚಿಕ್ಕದು ನೆಲಕ್ಕೆ ಉಜ್ಜುತ್ತ ಸವೆಯುತ್ತದೆ.

ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ

ಹಾವೇರಿ ಜಿಲ್ಲೆ 1997ರ ಆಗಸ್ಟ್ 24ರಂದು ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಮುಂಬಯಿ ಮತ್ತು ಚೆನ್ನೈಗಳ ನಡುವಿನ ಸುವರ್ಣ ಚತುಷ್ಪಥದ ಭಾಗವಾದ ರಾಷ್ಟ್ರೀಯ ಹೆದ್ದಾರಿ 48 ಶಿಗ್ಗಾಂವಿ, ಬಂಕಾಪುರಗಳ ಮೂಲಕ ಹಾದುಹೋಗುತ್ತದೆ. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ, ಪುಣೆಗಳ ನಡುವೆ ಓಡುವ ವೇಗದ ಕಾರುಗಳು ಈ ಸೀಮೆಯಲ್ಲಿ ಸಾಗುವುದು ಈ ಹೆದ್ದಾರಿಯಲ್ಲಿ. ಹಾನಗಲ್, ಸವಣೂರು, ಹಿರೇಕೆರೂರು ಪಟ್ಟಣಗಳಿಗೆ ಹೆದ್ದಾರಿಯಿಂದ ಕವಲೊಡೆದ ರಸ್ತೆಗಳಿವೆ.

ನಾಲ್ಕು ತಾಲ್ಲೂಕುಗಳ ನೆಲ ಒಂದೇ ಬಗೆಯದಲ್ಲ. ಹಾನಗಲ್ ಅರೆಮಲೆನಾಡು, ಜಿಲ್ಲೆಯ ಪೂರ್ವ ಭಾಗಕ್ಕಿಂತ ಹೆಚ್ಚು ಮಳೆ ಬೀಳುವ ಭತ್ತದ ಸೀಮೆ. ಸವಣೂರಿನ ಕಡೆ ಎರೆಭೂಮಿ. ಹಿರೇಕೆರೂರಿನಲ್ಲಿ ಗೋವಿನಜೋಳ ಮತ್ತು ಹತ್ತಿ ಪ್ರಮುಖ ಬೆಳೆಗಳು. ಎರೆಮಣ್ಣು ನೆನೆದಾಗ ಟೈರಿನ ಗೆರೆಗಳೊಳಗೆ ಮೆತ್ತಿಕೊಳ್ಳುತ್ತದೆ. ಆ ಸ್ಥಿತಿಯಲ್ಲಿ ಡಾಂಬರು ರಸ್ತೆಗೆ ಏರಿದ ವಾಹನದ ಟೈರು, ಗೆರೆ ಆಳವಾಗಿದ್ದರೂ, ಬೋಳು ಟೈರಿನಂತೆ ಜಾರುತ್ತದೆ.

ಟ್ರ್ಯಾಕ್ಟರ್ ಹುಟ್ಟಿನಿಂದಲೇ ಮಿಶ್ರ ಜೋಡಣೆಯ ವಾಹನ. ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ ಮಧ್ಯಮ ಶಕ್ತಿಯ ಟ್ರ್ಯಾಕ್ಟರುಗಳಿಗೆ ಮುಂದೆ 6.00-16, ಹಿಂದೆ 13.6-28 ಅಥವಾ 14.9-28 ಅಳತೆಯ ಟೈರುಗಳಿರುತ್ತವೆ. ಮುಂದಿನದರ ಮೇಲೆ ಸುತ್ತಲೂ ಉದ್ದಕ್ಕೆ ಹರಿದ ಏಣುಗಳಿದ್ದು, ಅವು ಅಡ್ಡಕ್ಕೆ ಜಾರದಂತೆ ತಡೆದು ದಿಕ್ಕು ಕಾಯುತ್ತವೆ. ಹಿಂದಿನದರ ಮೇಲೆ ಓರೆಯಾದ ದಪ್ಪ ಪಟ್ಟಿಗಳಿದ್ದು, ಅವು ಮಣ್ಣನ್ನು ಕಚ್ಚಿ ಎಳೆಯುತ್ತವೆ. ಹಳೆಯ ಜೀಪುಗಳಿಗೂ 6.00-16 ಅಳತೆಯೇ ಇತ್ತು. ಆದರೆ ಜೀಪಿನ ಟೈರು ನಾಲ್ಕೂ ಗಾಲಿಗೆ ಸಮಾನವಾಗಿ ರೂಪಿತವಾದದ್ದರಿಂದ ಟ್ರ್ಯಾಕ್ಟರಿನ ಏಣಿನ ಟೈರಿಗೆ ಅದು ಬದಲಿಯಲ್ಲ.

ನಾಲ್ಕೂ ಗಾಲಿಗೆ ಶಕ್ತಿಯಿರುವ ಟ್ರ್ಯಾಕ್ಟರಿನಲ್ಲಿ ಮುಂದಿನ ಟೈರು ಹಿಂದಿನದಕ್ಕಿಂತ ತುಸು ಹೆಚ್ಚು ದೂರ ಸಾಗುವಂತೆ ಗೇರು ಹೊಂದಿಸಿರುತ್ತಾರೆ. ಈ ಮುನ್ನಡೆ ಶೇ 1ರಿಂದ 5ರೊಳಗೆ ಇರಬೇಕು. ಸವೆದ ಹಿಂದಿನ ಟೈರುಗಳ ಜೊತೆಗೆ ಮುಂದೆ ಹೊಸ ಟೈರು ಹಾಕಿದರೆ ಮುನ್ನಡೆ ಹೆಚ್ಚುತ್ತದೆ. ಮುಂದಿನವು ಸವೆದು ಹಿಂದೆ ಹೊಸತು ಬಂದರೆ ಕಡಿಮೆಯಾಗುತ್ತದೆ. ಕಂಪನಿ ಬದಲಾದಾಗಲೂ ಅದೇ ಅಳತೆಯ ಟೈರಿನ ನಿಜವಾದ ಸುತ್ತಳತೆ ಬೇರೆಯಾಗಬಹುದು. ಹೊಲದಲ್ಲಿ ಮಣ್ಣು ಸರಿದು ಈ ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ. ಡಾಂಬರು ರಸ್ತೆಯಲ್ಲಿ ಅದು ಟೈರಿನ ಸವೆತವಾಗಿ, ಗೇರಿನ ಒತ್ತಡವಾಗಿ ಕಾಣಿಸುತ್ತದೆ. ಆದ್ದರಿಂದ ರಸ್ತೆಗೆ ಬಂದಾಗ ಮುಂದಿನ ಗಾಲಿಗಳ ಶಕ್ತಿಯನ್ನು ಬಿಡಿಸಬೇಕು. ನಾಲ್ಕೂ ಗಾಲಿಗೆ ಶಕ್ತಿಯಿರುವ ಸ್ಪೋರ್ಟ್ಸ್ ಕಾರಿಗೆ ಸುತ್ತಳತೆ ಹೊಂದಬೇಕೆನ್ನುವ ನಿಯಮ ಮತ್ತು ಇದು ಒಂದೇ ತತ್ತ್ವದವು.

ಎಳೆಯುವ ಬಲ ಹೆಚ್ಚಿಸಲು ಟ್ರ್ಯಾಕ್ಟರಿನ ಹಿಂದಿನ ಟೈರುಗಳಿಗೆ ಶೇ 75ರವರೆಗೆ ನೀರು ತುಂಬುವುದುಂಟು. ಎಡಬಲ ಎರಡಕ್ಕೂ ಸಮನಾಗಿ ತುಂಬದಿದ್ದರೆ ಅದೂ ಒಂದು ಅಸಮ ಜೋಡಣೆಯೇ. ಭತ್ತದ ಗದ್ದೆಯ ಕೆಸರಿನಲ್ಲಿ ಕಬ್ಬಿಣದ ಕೇಜ್ ವೀಲ್ ಬಳಸುತ್ತಾರೆ. ಅದು ರಸ್ತೆಯ ಮೇಲ್ಮೈಯನ್ನು ಕೆಡಿಸುವುದರಿಂದ ಹೊಲದಿಂದ ಹೊರಗೆ ಬರುವ ಮೊದಲು ಬಿಚ್ಚಬೇಕು. ಟ್ರೇಲರಿಗೆ ಲಾರಿಯಿಂದ ತೆಗೆದ ಹಳೆಯ ಟೈರುಗಳನ್ನು ಹಾಕುವುದು ಸಾಮಾನ್ಯ. ಎರಡು ಗಾಲಿಯ ಟೈರು ಚಕ್ಕಡಿಯಲ್ಲಿ ಎಡಬಲದ ಟೈರುಗಳ ವ್ಯಾಸ ಬೇರೆಯಾದರೆ ಚಕ್ಕಡಿ ಒಂದು ಬದಿಗೆ ವಾಲಿ, ಒಂದು ಎತ್ತಿನ ಹೆಗಲಿಗೆ ಹೆಚ್ಚು ಭಾರ ಬೀಳುತ್ತದೆ.

ಕಾನೂನು ಮತ್ತು ಮಾನಕಗಳು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 94 ಮತ್ತು 95ನೇ ನಿಯಮಗಳು ಟೈರಿನ ಸ್ಥಿತಿ, ಅಳತೆ ಹಾಗೂ ಭಾರ ಹೊರುವ ಶಕ್ತಿಯನ್ನು ಕುರಿತವು. ಒಳಗಿನ ನೂಲು ಕಾಣುವ, ಉಬ್ಬಿದ ಟೈರು ಬಳಕೆಗೆ ಯೋಗ್ಯವಲ್ಲ. ಗೆರೆಯ ಕನಿಷ್ಠ ಆಳ ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ 0.8 ಮಿ.ಮೀ., ಕಾರಿಗೆ 1.6 ಮಿ.ಮೀ. 2009ರ ಗುಣಮಟ್ಟ ನಿಯಂತ್ರಣ ಆದೇಶದಡಿ ಮೋಟಾರು ವಾಹನದ ಟೈರುಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕಾರಿನ ಟೈರಿಗೆ ಐಎಸ್ 15633, ವಾಣಿಜ್ಯ ವಾಹನಕ್ಕೆ ಐಎಸ್ 15636, ದ್ವಿಚಕ್ರ ಮತ್ತು ತ್ರಿಚಕ್ರಗಳಿಗೆ ಐಎಸ್ 15627 ಮಾನಕಗಳಿವೆ. ಎಐಎಸ್-142 ಮಾನಕ ಉರುಳುವಾಗಿನ ಪ್ರತಿರೋಧ, ಒದ್ದೆ ನೆಲದ ಹಿಡಿತ, ಶಬ್ದ ಇವುಗಳ ಮಿತಿಗಳನ್ನು ಗೊತ್ತುಪಡಿಸುತ್ತದೆ.

2020ರ ನಿಯಮ ತಿದ್ದುಪಡಿಯಂತೆ ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತಿಳಿಸುವ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಹಲವು ಕಾರುಗಳಲ್ಲಿ ಸ್ಟೆಪ್ನಿಯೇ ಚಿಕ್ಕ ಅಳತೆಯದು. ಅದನ್ನು ಹಾಕಿದಾಗ ಕಾರು ತಾತ್ಕಾಲಿಕವಾಗಿ ಮಿಶ್ರ ಜೋಡಣೆಯದಾಗುವುದರಿಂದ ಅದರ ಮೇಲೆ ನಮೂದಿಸಿದ ವೇಗಮಿತಿಯನ್ನು ಮೀರಬಾರದು.

ಜೋಡಣೆಯ ಕ್ರಮ

ನಾಲ್ಕೂ ಟೈರುಗಳು ಒಂದೇ ಕಂಪನಿಯ ಒಂದೇ ಮಾದರಿಯವಾಗಿರುವುದು ಮೊದಲ ಆಯ್ಕೆ. ಅದು ಸಾಧ್ಯವಾಗದಾಗ ಕಾರುಗಳಿಗೆ ಅನ್ವಯಿಸುವ ಕ್ರಮ ಹೀಗಿದೆ:

1. ಒಂದೇ ಅಚ್ಚಿನ ಎರಡು ಟೈರುಗಳು ಕಂಪನಿ, ಮಾದರಿ, ಅಳತೆ, ಸವೆತ ಎಲ್ಲದರಲ್ಲೂ ಒಂದೇ ಆಗಿರಬೇಕು.
2. ರೇಡಿಯಲ್ ಮತ್ತು ಬಯಾಸ್ ಬೆರೆಸಬಾರದು.
3. ಎರಡು ಅಚ್ಚುಗಳ ಟೈರುಗಳು ಒಂದೇ ವರ್ಗದವಾಗಿರಬೇಕು. ಭಾರ ಮತ್ತು ವೇಗದ ಸೂಚಕಗಳು ತಯಾರಕರು ಹೇಳಿದ್ದಕ್ಕಿಂತ ಕಡಿಮೆ ಇರಬಾರದು.
4. ಹೆಚ್ಚು ಹಿಡಿತದ, ಹೆಚ್ಚು ಆಳದ ಗೆರೆಯ ಜೋಡಿ ಹಿಂದಿನ ಅಚ್ಚಿಗೆ ಸೇರಬೇಕು.
5. ನಾಲ್ಕೂ ಗಾಲಿಗೆ ಶಕ್ತಿಯಿರುವ ವಾಹನದಲ್ಲಿ ಸುತ್ತಳತೆಗಳನ್ನು ಅಳೆದು, ತಯಾರಕರ ಮಿತಿಯೊಳಗೆ ಇವೆಯೇ ಎಂದು ನೋಡಬೇಕು.
6. ಜೋಡಣೆಯ ನಂತರ ವೀಲ್ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಿ, ಟೈರು ತಣ್ಣಗಿರುವಾಗ ತಯಾರಕರು ಸೂಚಿಸಿದಷ್ಟು ಗಾಳಿ ಹಾಕಬೇಕು.

ಇಂದಿನ ಸ್ಥಿತಿ

ಭಾರತದ ಹೊಸ ಕಾರುಗಳು ರೇಡಿಯಲ್ ಟೈರುಗಳೊಂದಿಗೇ ಬರುವುದರಿಂದ ಅವುಗಳಲ್ಲಿ ರಚನೆ ಮಿಶ್ರಣ ಅಪರೂಪ. ಲಾರಿ, ಟ್ರೇಲರ್, ಟ್ರ್ಯಾಕ್ಟರುಗಳಲ್ಲಿ ಎರಡೂ ಬಗೆಯ ಟೈರುಗಳು ಚಲಾವಣೆಯಲ್ಲಿವೆ. ಕೇಂದ್ರ ಸರ್ಕಾರ 2020ರ ಜೂನ್‌ನಲ್ಲಿ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ವರ್ಗಕ್ಕೆ ಸೇರಿಸಿತು. ಹೊರದೇಶದ ಸ್ಪೋರ್ಟ್ಸ್ ಕಾರುಗಳ ವಿಶೇಷ ಅಳತೆಗಳಿಗೆ ಇದರಿಂದ ಆಯ್ಕೆ ಕಿರಿದಾಗಿದೆ. ಸ್ಥಿರತಾ ನಿಯಂತ್ರಣ ವ್ಯವಸ್ಥೆ ಮಿಶ್ರ ಜೋಡಣೆಯಿಂದಾಗುವ ಜಾರುವಿಕೆಯನ್ನು ಕೆಲಮಟ್ಟಿಗೆ ತಡೆಯುತ್ತದೆ. ಟೈರಿನಲ್ಲಿ ಇಲ್ಲದ ಹಿಡಿತವನ್ನು ಅದು ಒದಗಿಸಲಾರದು.